ಕರೆಂಟ್ ಹೋಗಲೆಂದು ಕಾದದ್ದು

ಖಾನಾಪುರ, ಮಂಗಳವಾರ

ಚಿಗವ್ವನಿಗೆ ಪೂರ್ಣಿಮಾಳ ನಮಸ್ಕಾರ.

ಕಂಪ್ಯೂಟರ್ ನಡೆಸಲು ಜಗತ್ತಿನವರೆಲ್ಲ ಸೇರಿ ಬರೆಯುವ ಲಿನಕ್ಸ್ ಕರ್ನೆಲ್ ಎಂಬ ತಂತ್ರಾಂಶದಲ್ಲಿ ನೆಟ್‌ವರ್ಕ್ ಕೋಡ್ ತಿದ್ದಿದೆನಲ್ಲ, ಅದನ್ನು ಇಲ್ಲಿಯ ಹಾಲಿನ ಡೈರಿಯ ಕಂಪ್ಯೂಟರಿಗೆ ಹಾಕಿದ್ದೇನೆ. ಕರೆಂಟ್ ಹೋಗಿ ಬಂದರೆ ಅದಕ್ಕೆ ಮತ್ತೆ ನೆಟ್ ಸಿಗುತ್ತಿರಲಿಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿದೆ, ಸರಿಹೋಗಿತ್ತು. ಪರೀಕ್ಷಿಸಿದವರ ಹೆಸರನ್ನು ಕೋಡಿನ ಜೊತೆ ಬರೆದು ಕಳಿಸುವುದು ನಮ್ಮಲ್ಲಿ ರೂಢಿ. ಕಂಪ್ಯೂಟರ್ ಅವರದೇ ಎಂದು, ಡೈರಿ ನಡೆಸುವ ನಿಂಗವ್ವನವರ ಹೆಸರು ಬರೆದು ತೋರಿಸಿದೆ. ಸಿಟ್ಟಾದರು.

"ಅಳಸ ಅದನ್ನ. ಸ್ವಿಚ್ ಒತ್ತೂದು ಬ್ಯಾರೆ, ಇಲ್ಲಿ ಕರೆಂಟ್ ಹೋಗೂದು ಬ್ಯಾರೆ. ನೋಡಲಾರ್ದ ನಾ ಹೆಂಗ ಸಾಕ್ಷಿ ಹೇಳ್ಲಿ, ತಂಗಿ?"

ಅಳಿಸಿದೆ. ದಿನಕ್ಕೆ ಹತ್ತು ಸಲ ಹೋಗುತ್ತಿದ್ದ ಕರೆಂಟ್ ಈಗ ನಾಲ್ಕು ದಿನದಿಂದ ಒಮ್ಮೆಯೂ ಹೋಗಿಲ್ಲ. ಊರಿಗೆಲ್ಲ ಖುಷಿ. ನಾವಿಬ್ಬರು ಮಾತ್ರ ಫ್ಯಾನ್ ನೋಡುತ್ತ ಕುಳಿತಿದ್ದೇವೆ.

ಕೆಮ್ಮು ಕಡಿಮೆಯಾಗಿದೆ. ನೀನು ಕೊಟ್ಟ ಶುಂಠಿ ಪುಡಿ ಮುಗಿಯಿತು.

ಅಗೋ, ಫ್ಯಾನ್ ನಿಂತಿತು! ಇಷ್ಟೇ ಸಾಕು.

ಪೂರ್ಣಿಮಾ

ಅಂಚಿನಲ್ಲಿ ಬರೆಯುತ್ತಿದ್ದೇನೆ: ಮೂರು ಸಲ ಹೋಗಿ ಬಂತು, ಮೂರೂ ಸಲ ನೆಟ್ ತಾನಾಗಿಯೇ ಬಂತು. "ಈಗ ಬರಿ ನನ್ನ ಹೆಸರು," ಎಂದರು ನಿಂಗವ್ವ. "ದಪ್ಪಗ ಬರಿ." ಅಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರುತ್ತದೆಂದು ನಾನಿನ್ನೂ ಹೇಳಿಲ್ಲ.