ಹಲಗೆ ದಾಟದ ನಾಲ್ಕು ದಿಂಬು

ತಾರೀಖು ಹನ್ನೊಂದು, ಮಧ್ಯಾಹ್ನ

ಅಕ್ಕನಿಗೆ ನಿನ್ನ ಓರಗಿತ್ತಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ನಿನ್ನ ತಮ್ಮನ ಮನೆಯ ವರಾಂಡದಲ್ಲಿ ಆರು ಜನ ಅದೇನು ಕ್ಷೇಮವಾಗಿರುತ್ತೀರಿ! ಫೋನ್ ಮಾಡಬಹುದಿತ್ತು, ನಿಜ. ಆದರೆ ನಿನ್ನ ಧ್ವನಿ ಕೇಳಿದ ಕೂಡಲೇ ನನ್ನ ಬಾಯಿಗೆ ಸುಳ್ಳು ತಾನಾಗಿಯೇ ಬರುತ್ತದೆ. ಹೋದ ವಾರವೂ ಬಂತು. ಮನೆ ಪಟ್ಟಿ ಹಾಕಿದರೇನೇ ಎಂದು ನೀನು ಕೇಳಿದೆ. ಇನ್ನೂ ಇಲ್ಲಕ್ಕ, ಹಾಕಿದ ದಿನವೇ ಹೇಳ್ತೀನಿ ಅಂದೆ. ಅಷ್ಟು ಹೊತ್ತಿಗೆ ಪಟ್ಟಿ ಹಾಕಿ ಎರಡು ದಿನವಾಗಿತ್ತು.

ಕಟ್ಟಡದ ಗೇಟಿಗೇ ಅಂಟಿಸಿದ್ದಾರೆ. ನಮ್ಮ ನಲವತ್ತು ಸಂಸಾರಕ್ಕೆ ವಸತಿ ಕಚೇರಿ ಕೊಟ್ಟಿರುವುದು ಹನ್ನೊಂದೇ ಮನೆ. ಉಳಿದವರು ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿ ಎಲ್ಲಿಗಾದರೂ ಹೋಗಬೇಕು. ಆಮೇಲೆ ಕಟ್ಟಡ ಕೆಡವುತ್ತಾರೆ. ಇಕ್ಕಟ್ಟಿಗೆ ಇಷ್ಟು ಅಂಕ, ಕಾದ ವರ್ಷಕ್ಕೆ ಇಷ್ಟು ಅಂಕ ಎಂದು ಕೂಡಿಸಿ ಸಾಲಾಗಿ ಬರೆದಿದ್ದಾರೆ. ಹನ್ನೊಂದನೆಯವರು ನಾವು. ಹನ್ನೆರಡನೆಯವರು ನೀವು. ನಿನ್ನ ಮೈದುನ ಆ ಕಾಗದದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ, ನಾವು ಮೂರು ಜನ, ಅಣ್ಣ ಆರು ಜನ, ಇದು ಹೇಗೆ ಬಂತೇ ಅಂತ ನನ್ನನ್ನು ಕೇಳಿದರು. ನನಗೇನು ಗೊತ್ತು, ಕಚೇರಿಯವರನ್ನ ಕೇಳಿ ಅಂದೆ. ಅವರು ಕೇಳಲಿಲ್ಲ. ಅವರಿಗೂ ಮನೆ ಬೇಕಲ್ಲ.

ಹೇಗೆ ಬಂತು ಎಂದು ನಿನಗೆ ಹೇಳುತ್ತೇನೆ.

ಹಿಂದಿನ ಸಲದ ಎಣಿಕೆ ನಿನಗೆ ನೆನಪಿದೆ. ಜನ ಹೆಚ್ಚಿದ್ದರೆ ಅಂಕ ಹೆಚ್ಚು ಎಂದು ಗೊತ್ತಾಗಿ ಎಲ್ಲರೂ ಮಕ್ಕಳನ್ನು ಕಡ ತಂದಿದ್ದರು. ಇಸ್ತ್ರಿಯವನ ಮಗಳು ಒಂದೇ ಬೆಳಿಗ್ಗೆ ನಾಲ್ಕು ಮನೆಯ ಮಗಳಾಗಿ ನಾಲ್ಕೂ ಕಡೆ ತಿಂಡಿ ತಿಂದು, ಐದನೆಯ ಮನೆಯಲ್ಲಿ ನಿಮ್ಮಪ್ಪ ಯಾರು ಮರಿ ಎಂದು ಕೇಳಿದರೆ, ಇನ್ನೂ ಹೇಳ್ಕೊಟ್ಟಿಲ್ಲ ಅಂದುಬಿಟ್ಟಿದ್ದಳು. ನೀನು ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದೆ. ಆ ನಗುವಿನ ಬಡ್ಡಿಯನ್ನು ಈ ಸಲ ನೀನೇ ತೆತ್ತೆ ಅಕ್ಕ. ತಲೆ ಓಡಾಡ್ತವೆ, ದಿಂಬು ಓಡಾಡಲ್ಲ ಎಂದು ಕಚೇರಿಯವರು ತೀರ್ಮಾನಿಸಿದರು. ಹೇಳದೆ ಕೇಳದೆ ಬೆಳಿಗ್ಗೆ ಐದೂವರೆಗೆ, ಹಾಸಿಗೆ ಎತ್ತುವ ಮೊದಲೇ ಬಂದು, ತಲೆಗೊಂದು ದಿಂಬು ಎಂದು ಎಣಿಸಿಕೊಂಡು ಹೋದರು.

ನಿನ್ನ ಮನೆಯಲ್ಲಿ ಎರಡು ದಿಂಬು. ಅತ್ತೆಗೊಂದು, ಒರಗಿ ಕೂತೇ ಮಲಗುವ ಭಾವನ ಬೆನ್ನಿಗೊಂದು. ಮೂವರು ಹುಡುಗಿಯರು ಶಾಲೆಯ ಯೂನಿಫಾರ್ಮ್ ಮಡಿಸಿ ತಲೆಗಿಟ್ಟುಕೊಳ್ಳುತ್ತಿದ್ದರು. ದಿಂಬೂ ಆಯ್ತು, ಇಸ್ತ್ರಿಯೂ ಆಯ್ತು ಎಂದು ನೀನು ಹೇಳುತ್ತಿದ್ದೆ. ನಿನಗೆ ನಿನ್ನ ತೋಳೇ ಸಾಕಿತ್ತು. ಒಂದೆರಡು ಹೊಲಿದುಕೊಡಲಾ ಎಂದು ನಾನು ಕೇಳಿದಾಗಲೂ, ಹೊಟ್ಟೆಗೆ ಹಿಟ್ಟಿಲ್ಲ, ತಲೆಗೆ ದಿಂಬಂತೆ ಎಂದು ತಳ್ಳಿಹಾಕಿದೆ.

ನನ್ನ ಮನೆಯಲ್ಲಿ ಏಳಿದ್ದವು. ಮೂರು ನಮ್ಮವು. ನಾಲ್ಕು ಹಾಸಿಗೆ ಅಂಗಡಿಯವು, ಹತ್ತಿ ತುಂಬಿ ಬಾಯಿ ಹೊಲಿಯಲು ಮನೆಗೆ ತಂದವು. ಎಣಿಕೆಯವನು ಬಂದ, ಏಳು ಅಂದ, ಬರೆದುಕೊಂಡ. ನಾನು ಸುಮ್ಮನಿದ್ದೆ. ದಿಂಬಿನ ಬಾಯಿ ಹೊಲಿಯುವ ಕಸುಬು ಕಲಿಸಿದವಳು ನೀನು. ಅವತ್ತು ನಾನು ನನ್ನ ಬಾಯಿ ಹೊಲಿದುಕೊಂಡೆ. ಇಷ್ಟೇ ನಡೆದದ್ದು ಎಂದು ಬರೆದು ಮುಗಿಸೋಣವೆಂದೇ ಕುಳಿತಿದ್ದೆ.

ಆದರೆ ಇಷ್ಟೇ ಅಲ್ಲ. ಹಾಸಿಗೆ ಎತ್ಬೇಡಿ, ಹಾಗೇ ಇರಲಿ, ದಿಂಬು ಎಣಿಸ್ಬೇಕು ಎಂದು ಅವನು ಮೊದಲ ಕೋಣೆಯಲ್ಲಿ ಕೂಗಿದ್ದು ನಮ್ಮ ಆರನೆಯ ಕೋಣೆಗೆ ಕೇಳಿಸಿತು. ನಿನ್ನ ಮೈದುನ ರಾತ್ರಿ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ಅಂಗಡಿಯ ದಿಂಬಿಗೆ ಕವರು ಇರುವುದಿಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ನಾನು ಹಳೆಯ ಬೆಡ್‌ಶೀಟ್ ಹರಿದು ನಾಲ್ಕಕ್ಕೂ ಸುತ್ತಿದೆ. ಒಂದರ ಬಾಯಲ್ಲಿ ಸೂಜಿ ಹಾಗೇ ಇತ್ತು. ಮಗು ಗುಬ್ಬಿಯನ್ನು ಈ ಬದಿಯಿಂದ ಆ ಬದಿಗೆ ಉರುಳಿಸಿ, ಎಲ್ಲ ದಿಂಬಿನಲ್ಲೂ ಮಲಗಿದ ಗುರುತು ಬರಲಿ ಎಂದು ಮೊಣಕೈಯಿಂದ ಒತ್ತಿದೆ. ನಾಲ್ಕು ವರ್ಷದ ಕೂಸು, ಅಮ್ಮ ಆಟ ಆಡಿಸುತ್ತಿದ್ದಾಳೆ ಎಂದು ನಕ್ಕಿತು.

ಇನ್ನೂ ಒಂದಿದೆ. ಆ ಹೊತ್ತಿಗೆ ನೀನು ನಡುವಿನ ಹಲಗೆ ತಟ್ಟಿದೆ. ನಮ್ಮಿಬ್ಬರ ಕೋಣೆಗೆ ನಡುವೆ ಗೋಡೆಯೆಂದರೆ ಆ ಹಲಗೆ, ಅದರ ಮೇಲೆ ಸೂರಿಗೆ ಮುಟ್ಟದ ಒಂದು ಮೊಳ ಸಂದು. ಏಳು ವರ್ಷ ಆ ಸಂದಿನಲ್ಲಿ ಏನೆಲ್ಲ ದಾಟಿತು! ಗುಬ್ಬಿ ಹುಟ್ಟಿದ ವಾರ ನಿನ್ನ ಬಿಸಿನೀರಿನ ಪಾತ್ರೆ, ನಿನ್ನ ಹುಡುಗಿಯರ ಜ್ವರಕ್ಕೆ ನನ್ನ ಕಂಬಳಿ, ಗಂಡಂದಿರ ಮೇಲಿನ ದೂರು. ಎರಡು ಜಡೆ ಸೇರಲ್ಲ ಎನ್ನುವವರ ಬಾಯಿ ಮುಚ್ಚಿಸಿದ್ದೆವು ನಾವು. ಅವತ್ತು ನೀನು ಮೂರು ಸಲ ತಟ್ಟಿ, ಲೇ, ಅಂಗಡಿದು ನಾಲ್ಕು ದಿಂಬು ಈ ಕಡೆ ಹಾಕೇ, ಬೇಗ, ಆಮೇಲೆ ಕೊಡ್ತೀನಿ ಅಂದೆ. ನಾನು ಆಮೇಲೆ ನಿನಗೆ, ನಲ್ಲಿ ಹತ್ತಿರ ಇದ್ದೆ ಅಕ್ಕ, ಕೇಳಿಸಲಿಲ್ಲ ಎಂದು ಹೇಳಿದೆ. ನಲ್ಲಿ ಹತ್ತಿರ ಇರಲಿಲ್ಲ. ಹಲಗೆಗೆ ಬೆನ್ನು ಕೊಟ್ಟು ಕೂತಿದ್ದೆ. ನೀನು ತಟ್ಟಿದ್ದು ನನ್ನ ಬೆನ್ನಿಗೇ ತಾಗಿತು.

ನೀನು ಕೇಳಿದ್ದು ಮೋಸವೂ ಆಗಿರಲಿಲ್ಲ. ನಾಲ್ಕು ದಿಂಬು ಆಚೆಗೆ ದಾಟಿಸಿದ್ದರೆ ನಿನ್ನಲ್ಲಿ ಆರು, ನನ್ನಲ್ಲಿ ಮೂರು. ಈ ಕಟ್ಟಡದಲ್ಲೆಲ್ಲ ಸರಿಯಾದ ಲೆಕ್ಕ ನಮ್ಮಿಬ್ಬರದೇ ಆಗುತ್ತಿತ್ತು. ಎಣಿಕೆಯವನು ಏಳು ದಿಂಬು ನೋಡಿ, ಮಿಕ್ಕ ನಾಲ್ಕು ಜನ ಯಾರಮ್ಮ ಎಂದು ಕೇಳಿದ. ನಮ್ಮವರೇ ಅಂದೆ. ಬರೆದುಕೊಂಡು ನಿನ್ನ ಬಾಗಿಲಿಗೆ ಬಂದ. ಆರು ಜನ ಕಣ್ಣೆದುರಿಗೇ ಇದೀವಲ್ಲ ಸ್ವಾಮಿ ಎಂದು ನೀನು ಕೂಗಾಡಿದ್ದು, ಅವನು ಎರಡು ಎಂದು ಬರೆದು, ನಮ್ಮ ಹಲಗೆ ಕಡೆ ನೋಡಿ ನಕ್ಕು ಹೋದದ್ದು ನನಗೆ ಕೇಳಿಸಿತು. ಅವನು ಯಾಕೆ ನಕ್ಕ ಅಂತೀಯ ಎಂದು ಸಂಜೆ ನೀನು ನನ್ನನ್ನೇ ಕೇಳಿದೆ. ಬಡವರನ್ನ ನೋಡಿ ನಗೋದಕ್ಕೆ ಕಾರಣ ಬೇಕಾ ಎಂದು ನಾನು ಮಾತು ತೇಲಿಸಿದೆ. ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ಅದು ನಾನೇ.

ಮುಂದಿನ ವಾರವೇ ನಿಮ್ಮ ಕಡೆಯ ಗೋಡೆ ಉಬ್ಬಿ ನೀವು ಖಾಲಿ ಮಾಡಬೇಕಾಯಿತು. ಈಗ ನೀವಿಲ್ಲದ ಕೋಣೆಯ ಗಾಳಿ ಆ ಸಂದಿನಿಂದ ಬರುತ್ತದೆ. ದೊಡ್ಡವಳು ವರಾಂಡದಲ್ಲಿ ಬಟ್ಟೆ ಬದಲಿಸುವಾಗ ತಂಗಿಯರು ಇಬ್ಬರೂ ಬೆಡ್‌ಶೀಟ್ ಹಿಡಿದು ನಿಲ್ಲುತ್ತಾರೆ ಎಂದೆಯಲ್ಲ, ಅದನ್ನು ಕೇಳಿದ ಮೇಲೆ ನಮ್ಮ ಬಾಗಿಲಿನ ಚಿಲಕ ಹಾಕಿ ಮತ್ತೆ ತೆಗೆಯುತ್ತೇನೆ. ಹದಿನೈದರ ಹುಡುಗಿಗೆ ಒಂದು ಚಿಲಕವಿರುವ ಬಾಗಿಲು ಬೇಡವೇ?

ನನ್ನ ಕಡೆಯದನ್ನೂ ಹೇಳಿಬಿಡುತ್ತೇನೆ, ಕ್ಷಮಿಸಲಿ ಎಂದಲ್ಲ. ಗುಬ್ಬಿಯ ಉಬ್ಬಸ ಹೆಚ್ಚಿದೆ. ಡಾಕ್ಟರಮ್ಮ, ಹತ್ತಿಯ ಧೂಳಿನ ಕೋಣೆಯಲ್ಲೇ ಮಲಗಿಸಿದರೆ ನಾನು ಬರೆಯುವ ಔಷಧಿ ನೀರಿಗೆ ಹಾಕಿದ ಹಾಗೆ, ಕಿಟಕಿ ಇರೋ ಮನೆ ನೋಡಮ್ಮ ಎಂದರು. ಕಿಟಕಿ ಇರುವ ಮನೆ! ಔಷಧಿ ಅಂಗಡಿಯಲ್ಲಿ ಸಿಗುವ ಹಾಗೆ ಹೇಳಿದರು. ಹೊಲಿಗೆ ಬಿಟ್ಟರೆ ಊಟವಿಲ್ಲ, ಬಿಡದಿದ್ದರೆ ಮಗುವಿಗೆ ಉಸಿರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳಿದವರು ಯಾರೋ, ಅವರಿಗೆ ಹಾಸಿಗೆಯಾದರೂ ಇತ್ತು. ಒಂದು ಮನೆಯನ್ನು ಇಬ್ಬರು ತಾಯಂದಿರ ನಡುವೆ ಎಸೆದು, ಅಂಕ ಕೂಡಿಸಿ, ಇದೇ ನ್ಯಾಯ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಕೂಡುವುದು ಕಳೆಯುವುದು ಒಂದೂ ತಪ್ಪಿಲ್ಲ. ತಪ್ಪಿದ್ದು ನಾನು.

ಈಗ ಕೆಲಸದ ಮಾತು. ಹದಿನೆಂಟನೇ ತಾರೀಖು ಸಂಜೆ ಐದರವರೆಗೆ ಆಕ್ಷೇಪಣೆ ತೆಗೆದುಕೊಳ್ಳುತ್ತಾರೆ. ಖುದ್ದಾಗಿ ಬರಬೇಕು, ಪಕ್ಕದ ಮನೆಯವರು ಸಹಿ ಮಾಡಿದ ಹೇಳಿಕೆ ತರಬೇಕು. ನಿನ್ನ ಪಕ್ಕದ ಮನೆ ಎಂದರೆ ನಾನೊಬ್ಬಳೇ. ಹೇಳಿಕೆ ಬರೆದು ಇದರೊಳಗೆ ಇಟ್ಟಿದ್ದೇನೆ: ನಿನ್ನ ಕೋಣೆಯಲ್ಲಿ ಆರು ಜನ ಮಲಗುತ್ತಿದ್ದರು, ನನ್ನ ಕೋಣೆಯಲ್ಲಿ ಮೂರೇ ಜನ, ನಾಲ್ಕು ದಿಂಬು ಅಂಗಡಿಯವು. ಇದನ್ನು ಕೊಟ್ಟರೆ ಮನೆ ನಿನ್ನದು. ಕಾಗದ ಎರಡು ದಿನಕ್ಕೆ ತಲುಪುತ್ತದೆ, ಬಸ್ಸು ಮೂರು ಗಂಟೆ. ಬೇಗ ಬಾ. ಬರಬೇಡ ಎಂದೂ ಒಳಗೊಳಗೇ ಬೇಡಿಕೊಳ್ಳುತ್ತೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಭಾವನಿಗೂ ಅತ್ತೆಗೂ ನಮಸ್ಕಾರ. ಹುಡುಗಿಯರಿಗೆ ಚಿಕ್ಕಮ್ಮನ ಮುತ್ತು.

ಇಂತಿ,
ಯಾವಾಗಲೂ ನಿನ್ನ ತಂಗಿ ಎಂದು ಸಹಿ ಮಾಡುತ್ತಿದ್ದ
ಓರಗಿತ್ತಿ

ಮರೆತ ಮಾತು, ತಾರೀಖು ಹತ್ತೊಂಬತ್ತು: ಅಕ್ಕ, ಮರೆತದ್ದೇನೂ ಅಲ್ಲ. ಈ ಕಾಗದ ಎಂಟು ದಿನ ನನ್ನ ಹೊಲಿಗೆ ಡಬ್ಬಿಯಲ್ಲೇ ಇತ್ತು. ದಿನವೂ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಆಕ್ಷೇಪಣೆ ನಿನ್ನೆ ಐದಕ್ಕೆ ಮುಗಿಯಿತು. ಇವತ್ತು ಬೆಳಿಗ್ಗೆ ಬೀಗದ ಕೈ ಕೊಟ್ಟರು. ಎರಡು ಕೋಣೆ, ಎರಡಕ್ಕೂ ಕಿಟಕಿ, ಎರಡಕ್ಕೂ ಚಿಲಕ.

ಎಣಿಕೆಯವನು ಯಾಕೆ ನಕ್ಕ ಎಂದು ಕೇಳಿದ್ದೆಯಲ್ಲ. ನಮ್ಮವರೇ ಎಂದಷ್ಟೇ ಹೇಳಿ ನಾನು ನಿಲ್ಲಿಸಿರಲಿಲ್ಲ. ಹೆಸರು ಹೇಳಿ ಎಂದ. ಅತ್ತೆಯ ಹೆಸರು, ನಿನ್ನ ಮೂವರು ಹುಡುಗಿಯರ ಹೆಸರು ನಿನಗೆ ಕೇಳಿಸದ ಹಾಗೆ ಪಿಸುಗುಟ್ಟಿ ಬರೆಸಿದೆ. ಆ ಕಡೆ ಜಾಗವಿಲ್ಲ, ಇಲ್ಲೇ ಮಲಗ್ತಾರೆ ಅಂದೆ. ಅವರನ್ನೇ ನೀನು ನಿನ್ನವರೆಂದು ತೋರಿಸಿದಾಗ ಅವನಿಗೆ ನೀನು ಕಳ್ಳಿಯಾಗಿ ಕಂಡೆ.

ಇಪ್ಪತ್ತೈದಕ್ಕೆ ಹೊಸ ಮನೆಗೆ ತಪಾಸಣೆಗೆ ಬರುತ್ತಾರೆ. ಬರೆಸಿದ ಏಳು ಜನ ಇಲ್ಲದಿದ್ದರೆ ಮನೆ ವಾಪಸು. ಆಗ ಅದು ಹನ್ನೆರಡನೆಯವರಿಗೂ ಸಿಗುವುದಿಲ್ಲ, ಬೇರೆ ಕಟ್ಟಡದವರಿಗೆ ಹೋಗುತ್ತದೆ. ಕಚೇರಿಯ ಗುಮಾಸ್ತನನ್ನು ಎರಡು ಸಲ ಕೇಳಿಕೊಂಡು ಬಂದೆ. ಅತ್ತೆಯನ್ನೂ ಹುಡುಗಿಯರನ್ನೂ ಕಳಿಸು ಅಕ್ಕ, ಕಾಲಿಗೆ ಬೀಳುತ್ತೇನೆ. ನಿನ್ನ ಹೆಸರೂ ಭಾವನ ಹೆಸರೂ ಅದರಲ್ಲಿಲ್ಲ. ನಾಲ್ಕು ದಿಂಬು ನಾನೇ ಹೊಲಿದಿಟ್ಟಿದ್ದೇನೆ, ಅವರಿಗೆಂದೇ. ಆದರೆ ಈ ಸಲ ದಿಂಬು ಎಣಿಸುವುದಿಲ್ಲವಂತೆ, ತಲೆ ಎಣಿಸುತ್ತಾರಂತೆ.