ಉರಿಯುವ ದೀಪದ ಮೇಲೆ ದೂರು

ಗ್ರಂಥಾಲಯದಿಂದ,
ನವೆಂಬರ್ ೧೪, ಗುರುವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಫೋನಿನಲ್ಲಿ ನೀನು ಅತ್ತುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಒಂದೇ: "ಅಮ್ಮಾ, ಶನಿವಾರದ ಸಭೆಗೆ ಮುಂಚೆ ನಮ್ಮ ಬೀದೀನ ನಕ್ಷೆಯಿಂದ ತೆಗೆದುಬಿಡು." ಆಗುವುದಿಲ್ಲ ಮಗಳೇ. ನಗರಸಭೆ ತನಗೆ ಬಂದ ದೂರುಗಳನ್ನೆಲ್ಲ ಜನರ ಮುಂದೆ ತೆರೆದಿಟ್ಟಿದೆ. ಅದನ್ನು ಓದುವುದು ಹೇಗೆಂದು ಅವರನ್ನು ಇಲ್ಲಿನ ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸಿದವಳೇ ನಾನು. ಫ್ಯಾನಿನ ಗಾಳಿಗೆಂದು ಬರುತ್ತಿದ್ದವರೂ ಈಗ ಗೋಡೆಯ ನಕ್ಷೆಗೆ ಚುಕ್ಕಿ ಅಂಟಿಸುತ್ತಾರೆ. ದೂರಿಗೆ ಕೆಂಪು, ರಿಪೇರಿ ಗಾಡಿ ಬಂದುಹೋಗಿದ್ದರೆ ಅದರ ಮೇಲೆ ಹಸಿರು. ಕಳೆದ ವಾರ ಮುಗಿಸಿ ನೋಡಿದರೆ ನಮ್ಮ ಬೀದಿ ಹಸಿರೋ ಹಸಿರು, ಅಷ್ಟೂ ಬೀದಿದೀಪದ್ದೇ. ಕೆಳಗಿನ ಬೀದಿಯ ದೀಪಗಳು ಮಾತ್ರ ಇನ್ನೂ ಕೆಂಪು. ಅಲ್ಲಿಯ ಕತ್ತಲಲ್ಲೇ ಹಾಲಿನಾಕೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡಿದ್ದಳು.

ಚುಕ್ಕಿ ಅಂಟಿಸುತ್ತಿದ್ದ ಟೈಲರ್ ನನ್ನ ಕಡೆ ತಿರುಗಿ, "ಮೇಡಂ, ನಗರಸಭೇಲಿ ದೂರು ಬರ್ಕೊಂಡು ಗಾಡಿ ಕಳಿಸೋ ಸೀಟಲ್ಲಿ ಯಾರ ಮಗಳು ಕೂತಿದ್ದಾಳೆ ಅಂತ ನಮಗೆ ಗೊತ್ತಿಲ್ವಾ? ಬೇಲಿನೇ ಎದ್ದು ಹೊಲ ಮೇಯ್ತು ನೋಡಿ" ಎಂದರು. ಹಾಲಿನಾಕೆ ಕಟ್ಟು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಶನಿವಾರ ಇಲ್ಲಿಯ ಸಭೆಗೆ ನಿಮ್ಮ ಸಾಹೇಬರೇ ಬರುತ್ತಾರೆ. ಇದನ್ನು ನೋಡಿದರೆ ನಿನ್ನ ಕೆಲಸಕ್ಕೇ ಕುತ್ತು, ಬಲ್ಲೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ. ಮೊನ್ನೆ ಎಲ್ಲರೂ ಹೋದ ಮೇಲೆ ಆ ಚುಕ್ಕಿಗಳಿಗೆ ಉಗುರು ಹಾಕಿಯೂ ನೋಡಿದೆ. ಒಂದನ್ನು ಕಿತ್ತರೆ ಉಳಿದವನ್ನು ಯಾರು ನಂಬುತ್ತಾರೆ? ಕೈ ತೆಗೆದೆ. ನಿನ್ನ ಮೇಲೆ ಸಿಟ್ಟೂ ಇದೆ, ಭಯವೂ ಇದೆ.

ನೀನೇ ಬಾ. ನಡೆದದ್ದನ್ನು ನಿನ್ನ ಬಾಯಿಂದಲೇ ಹೇಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಬೈದರೆ ಇಬ್ಬರಿಗೂ ಬೈಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದೇ ಆಗಲಿ, ಎದೆ ಗಟ್ಟಿಯಾಗಿರಲಿ.

ಇತಿ,
ನಿನ್ನ ಅಮ್ಮ

ವಿ.ಸೂ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ದೂರು ಕೊಟ್ಟವರ ಹೆಸರು ದಾಖಲೆಯಲ್ಲಿ ಇರುವುದಿಲ್ಲ. ಆದರೆ ನಿನ್ನೆ ಸಂಜೆ ನಾನು ಮನೆಗೆ ಬಂದಾಗ ನಿನ್ನ ಅಪ್ಪ ಬೀದಿಕಂಬದ ಕೆಳಗೆ ನಿಂತಿದ್ದರು. ನೆತ್ತಿಯ ಮೇಲೆ ದೀಪ ಝಗಝಗ ಉರಿಯುತ್ತಿತ್ತು. ಫೋನಿನಲ್ಲಿ, "ದೀಪ ಉರೀತಿಲ್ಲಮ್ಮ... ಹೂಂ, ಬರ್ಕೊಳ್ಳಿ... ನಿಮ್ದು ಊಟ ಆಯ್ತಾ?" ಎನ್ನುತ್ತಿದ್ದರು. ಗಂಡನ ಮನೆ ಬಿಟ್ಟು ಬಂದ ನಿನ್ನನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದ ಮನುಷ್ಯ. ನಿನ್ನ ನಂಬರಿಗೆ ಮಾಡಲು ಮುಖವಿಲ್ಲ, ಆಫೀಸಿನದಕ್ಕೆ ಮಾಡುತ್ತಾರೆ. ಅಲ್ಲಿ ನೀನು ಫೋನ್ ಕುಕ್ಕುವಂತಿಲ್ಲವಲ್ಲ. ಆ ದೂರುಗಳು ತಮ್ಮವೇ ಎಂದು ಶನಿವಾರ ಎಲ್ಲರ ಮುಂದೆ ತಾವೇ ಹೇಳುತ್ತಾರಂತೆ.

ಅವರ ದನಿ ನಿನಗೆ ಮೊದಲ ದಿನವೇ ಗೊತ್ತಾಗಿತ್ತು, ಅಲ್ಲವೇ? ಒಂದು ಸಲ ‘ಅಪ್ಪಾ’ ಅನ್ನುವುದು ಬಿಟ್ಟು, ಪ್ರತಿ ಸಲ ಗಾಡಿ ಕಳಿಸಿದೆಯಲ್ಲೇ.