ಪುಟ್ಟಿಯ ಕಣ್ಣು

ಅಮ್ಮಾ,

ಪ್ರಯೋಗದ ಔಷಧಿಯನ್ನು ನನ್ನ ಎಡಗಣ್ಣಿಗೆ ಹಾಕಿದ ಮೇಲೆ ಇಂದು ಮೊದಲ ಬಾರಿ ಮಬ್ಬು ಬೆಳಕಿನ ಕೋಣೆಯಲ್ಲಿ ನಡೆಸಿ ನೋಡಿದರು. ಕುರ್ಚಿಗಳ ನಡುವೆ ಎಡವದೆ ದಾಟಿದೆ.

"ಗುಣ ಆಯ್ತಾ?" ಎಂದು ಕೇಳಿದೆ.

"ಈಗ್ಲೇ ಹೇಳೋಕಾಗಲ್ಲಮ್ಮ. ಇರೋ ದೃಷ್ಟಿ ಉಳಿದ್ರೂ ದೊಡ್ಡದು," ಎಂದರು ಡಾಕ್ಟರು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಚಿಂತೆಯಲ್ಲ, ತಂಗಿಯದು. ಇರುಳುಗಣ್ಣಿನಿಂದ ಶುರುವಾಗುವ ಇದು ವಂಶದಲ್ಲಿ ಬರುವ ಕಾಯಿಲೆ. ಪುಟ್ಟಿಗೆ ಏನೂ ಆಗಿಲ್ಲ ಅನ್ನುತ್ತೀಯ. ಆದರೆ ಸಂಜೆಯಾಗುತ್ತಲೇ ಅವಳ ದಾರಿಯಿಂದ ಸ್ಟೂಲು ಸರಿಸಿಡುತ್ತೀಯ. ನಾನು ಚಿಕ್ಕವಳಿದ್ದಾಗಲೂ ಹಾಗೇ ಮಾಡುತ್ತಿದ್ದೆಯಲ್ಲ?

ಸೋಮವಾರ ನನ್ನನ್ನು ಕರೆದೊಯ್ಯಲು ಬರುವಾಗ ಅವಳನ್ನೂ ಕರೆದುಕೊಂಡು ಬಾ. ಅವಳಿಗೆ ಇನ್ನೂ ಕಣ್ಣು ಕಾಣುತ್ತಿರುವಾಗಲೇ ಡಾಕ್ಟರಿಗೆ ತೋರಿಸೋಣ. ಅವಳೇನೂ ಹೆದರುವವಳಲ್ಲ. ನಿನಗೆ ಹೆದರಿಕೆಯಾದರೆ ನನ್ನ ಕೈ ಹಿಡಿದುಕೋ.

ನಿನ್ನ
ದೊಡ್ಡ ಮಗಳು